ಏಳಡಿ ಮೇಲಿನ ಅಂಗೈ

ಜೀವಿತಾ ಅವತ್ತು ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಹಿಡಿದಿದ್ದೇ ಅವಳ ಪುಣ್ಯ. ತಿರುವನಂತಪುರದ ಕಳಕ್ಕೂಟಂ ಫ್ಲೈಓವರ್ ಕೆಳಗೆ ಟ್ರಾಫಿಕ್ ಜಾಮಾಗಿ ಬಸ್ಸು ಅಡಿ ಅಡಿಯಾಗಿ ತೆವಳ್ತಾ ಇತ್ತು. ಪಕ್ಕದ ಏಳು ಕಂಬಗಳ ಮೇಲೆ ಯಾರೋ ಬಿಳಿ ಬಣ್ಣ ಬಳಿದಿದ್ರು. ಒಂದ್ರಲ್ಲಿ ಓರೆ ಗೆರೆ, ಇನ್ನೊಂದ್ರಲ್ಲಿ ಮುರುಕು ಚಂದ್ರನ ಥರ ಏನೋ, ಮತ್ತೊಂದ್ರಲ್ಲಿ ಬರೀ ಒಂದು ಹಳದಿ ಚುಕ್ಕೆ. ಬಕೆಟ್ಟು ಕೈ ಜಾರಿ ಚೆಲ್ಲಿರ್ಬೇಕು ಪಾಪ ಅಂದ್ಕೊಂಡ್ಲು. ಬಸ್ಸು ಇನ್ನೊಂದು ನಾಲ್ಕಡಿ ಮುಂದೆ ಹೋಯ್ತು ನೋಡಿ, ಆ ಏಳು ಕಂಬಾನೂ ಒಂದಕ್ಕೊಂದು ಅಂಟ್ಕೊಂಡು, ರೆಕ್ಕೆ ಪೂರ್ತಿ ಬಿಚ್ಚಿದ ಒಂದು ಬೆಳ್ಳಕ್ಕಿ ಆಗೋಯ್ತು! ಬಸ್ಸಿಗಿಂತ ದೊಡ್ಡ ಬೆಳ್ಳಕ್ಕಿ. ಹಳದಿ ಚುಕ್ಕೆ ಅದರ ಕಣ್ಣು, ಅದು ನೆಟ್ಟಗೆ ಜೀವಿತಾನ್ನೇ ನೋಡ್ತಾ ಇತ್ತು. ಎರಡು ಸೆಕೆಂಡು. ಬಸ್ಸು ಮತ್ತೆ ಕದಲಿತು, ಹಕ್ಕಿ ಪುಡಿಪುಡಿಯಾಗಿ ವಾಪಸ್ ಕಂಬ ಆಯ್ತು.

"ನಿಲ್ಸಿ ನಿಲ್ಸಿ ನಿಲ್ಸಿ!" ಅಂತ ಕಿರುಚಿದ್ಲು, ಅದೂ ಕನ್ನಡದಲ್ಲಿ. ಕಂಡಕ್ಟರ್‌ಗೆ ಭಾಷೆ ಅರ್ಥ ಆಗ್ಲಿಲ್ಲ, ಗಾಬರಿ ಅರ್ಥ ಆಯ್ತು. ಇಳಿಸಿದ.

ಕೊನೇ ಕಂಬದ ಬುಡದಲ್ಲಿ ಮೂವತ್ತೈದು ವರ್ಷದ ಒಬ್ಬ ಕೂತು ಬ್ರಷ್ ತೊಳೀತಿದ್ದ. ಹೆಸರು ಇಸ್ಮಾಯಿಲ್, ಕಾಸರಗೋಡಿನವನು. ಇವಳ ಅರೆಬೆಂದ ಮಲಯಾಳಂ ಎರಡು ವಾಕ್ಯ ಕೇಳಿದ್ದೇ, "ಕನ್ನಡವಾ? ಕನ್ನಡದಲ್ಲೇ ಹೇಳು ಮಾರಾಯ್ತಿ, ನಂಗೆ ಕಿವಿ ನೋಯ್ತದೆ" ಅಂದ.

"ಇಕ್ಕಾ, ಅದು ಹೆಂಗೆ? ಇಲ್ಲಿಂದ ನೋಡಿದ್ರೆ ಏನೂ ಇಲ್ವಲ್ಲ!" ಅಂದ್ಲು. ಇಕ್ಕಾ ಅಂದ್ರೆ ಅಲ್ಲಿ ಅಣ್ಣ.

"ಇಲ್ಲಿಂದ ಇಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತವರಿಗೆ ಮಾತ್ರ. ಕಾರಲ್ಲಿ ಹೋಗುವವರಿಗೂ ಕಾಣೂದಿಲ್ಲ, ಪಾಪ." ನಕ್ಕ. "ಕಣ್ಣು ಇರ್ಬೇಕಾದ ಜಾಗ ಒಂದೇ ಉಂಟು. ಅಲ್ಲಿ ಕಣ್ಣಿಟ್ರೆ ಚಿತ್ರ, ಒಂದು ಗೇಣು ಆಚೀಚೆ ಆದ್ರೆ ಕಸ."

ಕಂಬ ಸಾಕಾಯ್ತು, ಒಂದು ಇಡೀ ಬೀದಿ ಸಿಕ್ಕಿದ್ರೆ ಮಾಡಿ ತೋರಿಸ್ತಿದ್ದೆ ಅಂತ ಅವನು ಸುಮ್ನೆ ಮಾತಿಗೆ ಅಂದಿದ್ದು. ಜೀವಿತಾ ಹಾರಿಬಿದ್ಲು. "ನಮ್ಮ ಓನರ್ ಆಂಟಿ ಹತ್ರ ಒಂದು ಓಣಿನೇ ಇದೆ!"

ಓನರ್ ಆಂಟಿ ಅಂದ್ರೆ ಡಾಕ್ಟರ್ ಮೋಹಿನಿ. ಅದೇ ಊರಿನ ಉಳ್ಳೂರ್‌ನಲ್ಲಿ ಜೀವಿತಾ ಮನೆಯವರು ಬಾಡಿಗೆಗಿದ್ದಿದ್ದು ಅವರ ಮಹಡಿ ಮೇಲೆ. ಅಪ್ಪಂಗೆ ಬ್ಯಾಂಕಲ್ಲಿ ಮೈಸೂರಿಂದ ಟ್ರಾನ್ಸ್‌ಫರ್ ಆಗಿ ಎರಡು ವರ್ಷ, ಇವಳು ಅಲ್ಲೇ ಬಿ.ಕಾಂ. ಡಾಕ್ಟರ್ ಮೂಳೆ ಡಾಕ್ಟರು, ರಿಟೈರ್ ಆಗಿ ಬಹಳ ದಿನ ಆಗಿತ್ತು, ಆದ್ರೂ ಮೆಟ್ಟಿಲು ಇಳಿಯೋರ ನಡಿಗೆ ನೋಡಿನೇ "ಎಡ ಮಂಡಿ" ಅಂತ ಹೇಳ್ತಿದ್ರು. ಅವರಪ್ಪ ಮೆಣಸು, ಶುಂಠಿ ವ್ಯಾಪಾರ ಮಾಡಿದ ಗೋಡೌನು ಫೋರ್ಟ್ ಕೊಚ್ಚಿಯಲ್ಲಿತ್ತು. ಓಣಿಯ ಎರಡೂ ಕಡೆ ಅವರದೇ ಗೋಡೆ, ಕೊನೆಗೆ ದೊಡ್ಡ ಮರದ ಗೇಟು. ವ್ಯಾಪಾರ ನಿಂತು ಇಪ್ಪತ್ತು ವರ್ಷ, ಅವರು ಆ ಕಡೆ ತಲೆ ಹಾಕಿ ಅದಕ್ಕಿಂತ ಜಾಸ್ತಿ.

ಭಾನುವಾರ ಅಮ್ಮ ಮಾಡಿದ ಬಿಸಿಬೇಳೆಬಾತ್ ಡಬ್ಬಿ ಹಿಡ್ಕೊಂಡು ಕೆಳಗೆ ಹೋದ್ಲು. ಉಸಿರು ಬಿಡದೆ ಬೆಳ್ಳಕ್ಕಿ ಕಥೆ ಹೇಳಿದ್ಲು, ಹೇಳ್ತಾ ಹೇಳ್ತಾ ರೆಕ್ಕೆ ಎಷ್ಟಗಲ ಅಂತ ತೋರ್ಸಕ್ಕೆ ಹೋಗಿ ಕ್ಯಾಲೆಂಡರ್ ಬೀಳಿಸಿದ್ಲು. ಕೊನೆಗೆ ಓಣಿ ಕೇಳಿದ್ಲು.

ಡಾಕ್ಟರ್ ಪೂರ್ತಿ ಕೇಳಿದ್ರು. ಮಗಳೇ ಅನ್ನೋಕೆ ಅವರ ಬಾಯಲ್ಲಿ ಮೋಳೇ. "ಮೋಳೇ, ಆ ಗೋಡೌನನ್ನ ಓಣಿ ಸಮೇತ ಮಾರ್ತಾ ಇದೀನಿ. ಒಂದು ಹೋಟೆಲಿನವರು ಕೇಳಿದಾರೆ. ಒಡೆದು ಕಾರ್ ನಿಲ್ಸೋ ಜಾಗ ಮಾಡ್ತಾರಂತೆ. ಡಿಸೆಂಬರ್ ಎರಡನೇ ಸೋಮವಾರ ಸಹಿ."

"ಅಲ್ಲಿ ತನಕ ಬಿಡಿಸ್ಬಹುದಾ?"

"ಒಡೆಯೋ ಗೋಡೆ ಮೇಲಾ?"

"ನೀವು ಬಂದು ನೋಡಿ ಆಂಟಿ. ನೋಡಿದ್ಮೇಲೂ ಒಡೀಬೇಕು ಅನ್ಸಿದ್ರೆ ಒಡ್ಸಿ."

ಡಾಕ್ಟರ್ ಕನ್ನಡಕ ತೆಗೆದು ಒರೆಸಿದ್ರು. "ಸಹಿಗೆ ಮುಂಚಿನ ಶನಿವಾರ ಬರ್ತೀನಿ. ಒಂದ್ಸಲ ನೋಡ್ತೀನಿ. ಒಂದೇ ಸಲ."

ಇದು ನಡೆದಿದ್ದು ಅಕ್ಟೋಬರ್ ಕೊನೇಲಿ. ಆಮೇಲೆ ಪ್ರತಿ ಶುಕ್ರವಾರ ಸಂಜೆ ಜೀವಿತಾ ತಿರುವನಂತಪುರದಲ್ಲಿ ರೈಲು ಹತ್ತೋದು, ಎರ್ನಾಕುಲಂ ಚಿಕ್ಕಮ್ಮನ ಮನೇಲಿ ಮಲಗೋದು, ಬೆಳಗ್ಗೆ ಬೋಟು ಹಿಡ್ದು ಫೋರ್ಟ್ ಕೊಚ್ಚಿ. ಕಾಲೇಜಲ್ಲಿ ಅಟೆಂಡೆನ್ಸು ಏನಾಯ್ತು ಅಂತ ಮಾತ್ರ ಕೇಳ್ಬೇಡಿ.

ಮೊದಲ ದಿನ ಓಣಿ ನೋಡಿ ಇಸ್ಮಾಯಿಲ್ಲೇ ಮೂಗು ಮುಚ್ಕೊಂಡ. ಮಂಡಿ ತನಕ ಪ್ಲಾಸ್ಟಿಕ್ಕು, ಕೊಳೆತ ತೆಂಗಿನ ಸಿಪ್ಪೆ, ಗೋಡೆ ತುಂಬಾ ಕಪ್ಪು ಪಾಚಿ. ಟೂರಿಸ್ಟುಗಳು ಓಣಿ ಬಾಯಿಗೆ ಬಂದು, ಮೂಸಿ, ತಿರುಗಿ ಹೋಗ್ತಿದ್ರು. ಒಳಗಿದ್ದಿದ್ದು ಎಲ್ರೂ ಆಯೇಷಾತ್ತ ಅಂತ ಕರೆಯೋ ಆಯೇಷಾ ಅನ್ನೋರ ಚಾಯ ಅಂಗಡಿ ಒಂದು, ಅದರ ಎದುರು ನೀಲಿ ಶರ್ಟು ಹಾಕ್ಕೊಂಡು ದಿನಾ ಕೂತಿರೋ ಎಂಟು ಜನ ಹಮಾಲರು. ಎತ್ತೋಕೆ ಮೂಟೆ ಇಲ್ದೇ ಇದ್ರೂ ಬೆಳಗ್ಗೆ ಎಂಟಕ್ಕೆ ಹಾಜರು. ಇಲ್ಲಿ ಲೋಡು ಅಂತ ಏನೇ ಬಂದ್ರೂ ಯೂನಿಯನ್ನಿನವರೇ ಎತ್ಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ. ಅವರಲ್ಲಿ ಹಿರಿಯ ಅಣ್ಣಪ್ಪ. ಕುಂದಾಪುರದ ಕಡೆಯಿಂದ ಮೀನಿನ ಬೋಟಲ್ಲಿ ಬಂದು, ಮೂಟೆಗೆ ಹೆಗಲು ಕೊಟ್ಟು, ಇಲ್ಲೇ ಉಳಿದೋನು.

ಇಸ್ಮಾಯಿಲ್ ಏಣಿ ಇಳಿಸೋಕೆ ಹೋದ. ಅಣ್ಣಪ್ಪ ಎದ್ದು ಬಂದ.

"ಅದು ಲೋಡು."

"ಏಣಿ ಅಣ್ಣ."

"ಗಾಡಿಯಿಂದ ಇಳೀತಾ ಉಂಟಲ್ಲ? ಹಾಗಾದ್ರೆ ಲೋಡು. ನೀನು ಬಣ್ಣ ಹಚ್ಚುವವ, ಹಚ್ಚು. ಎತ್ತುವವರು ನಾವು." ಏಣಿನ ಕಡ್ಡಿ ಥರ ಎತ್ಕೊಂಡು ಒಳಗೆ ಹೋದ.

ಆ ಕೈ ನೋಡಿನೇ ಇಸ್ಮಾಯಿಲ್‌ಗೆ ಚಿತ್ರ ಹೊಳೆದಿದ್ದು. ಅಣ್ಣಪ್ಪನ ಅಂಗೈನ ಬಿಸಿಲಿಗೆ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಬರೆದ. ಗಂಟುಗಳು, ಹುರಿ ಎಳೆದು ಎಳೆದು ಬಿದ್ದ ಗೀರು, ಗೋಣಿ ಮಡಚಿದ ಹಾಗೆ ಗೆರೆ. ಓಣಿ ನೆಲದ ಕಲ್ಲುಹಾಸಿನ ಮೇಲೆ ಅಂಗೈ, ಎಡಗೋಡೆ ಮೇಲೆ ಹೆಬ್ಬೆರಳು, ಮಿಕ್ಕ ಬೆರಳು ನೆಲದಿಂದ ಹೊರಟು ಗೇಟು, ಬಲಗೋಡೆ ಹತ್ತಿ ಮೇಲಕ್ಕೆ. ಓಣಿ ಬಾಯಲ್ಲಿ ನಿಂತು ನೋಡಿದ್ರೆ ಎಲ್ಲಾ ಸೇರಿ ಒಂದು ಕೈ. ಅಷ್ಟು ದೊಡ್ಡ ಕೈ ಭೂಮಿಯಿಂದ ಎದ್ದು ಬಂದಿರೋ ಥರ.

ಈಗ ಇದನ್ನ ಗೋಡೆಗೆ ಇಳಿಸೋದು ಹೇಗೆ ಅಂದ್ರೆ, ನೋಡೋರ ಕಣ್ಣು ಎಲ್ಲಿರುತ್ತೋ ಅಲ್ಲಿ ಪ್ರೊಜೆಕ್ಟರ್ ಇಡೋದು. ಸೂರ್ಯ ಮುಳುಗ್ತಿದ್ದಂಗೆ ಅದರ ಬೆಳಕಲ್ಲಿ ಕೈ ಗೋಡೆ ಮೇಲೆಲ್ಲಾ ಚೆಲ್ಲಾಪಿಲ್ಲಿ ಬೀಳುತ್ತೆ, ಬಿದ್ದ ಕಡೆಯಲ್ಲೆಲ್ಲಾ ಸೀಮೆಸುಣ್ಣದ ಗೆರೆ ಎಳೆಯೋದು. ಗೆರೆ ಎಳೆಯೋ ಕೆಲಸ ಇಸ್ಮಾಯಿಲ್‌ದು, ಪ್ರೊಜೆಕ್ಟರ್ ಜೀವಿತಾದು.

"ಐದಡಿ ಎತ್ತರ. ಮನುಷ್ಯರ ಕಣ್ಣಿನ ಎತ್ತರ," ಅಂತ ಹೇಳಿ ಅವನು ಏಣಿ ಹತ್ತಿದ.

ಐದಡಿಗೆ ಸ್ಟೂಲು ಇಟ್ಟಿದ್ಲು ಹುಡುಗಿ. ನಿಜವಾಗ್ಲೂ ಇಟ್ಟಿದ್ಲು. ಆದ್ರೆ ನವೆಂಬರಲ್ಲಿ ಉಬ್ಬರದ ನೀರು ಆ ಓಣಿಗೆ ನುಗ್ಗುತ್ತೆ, ಮಳೆ ಬೇಕಿಲ್ಲ, ಏನೂ ಬೇಕಿಲ್ಲ, ಚರಂಡಿಯಿಂದ ಹಿನ್ನೀರು ಮೆತ್ತಗೆ ಮೇಲೆ ಬರುತ್ತೆ. ನೀರು ಪಾದ ಮುಟ್ಟಿದ್ದೇ ಜೀವಿತಾ ಕಿರುಚಿದ್ಲು. ಬಾಡಿಗೆ ಪ್ರೊಜೆಕ್ಟರ್! ಆಯೇಷಾತ್ತನ ಅಂಗಡಿ ಮೇಜು ತರ್ಸಿದ್ಲು. ಅದರ ಮೇಲೆ ಮೀನಿನ ಕ್ರೇಟು. ಅದರ ಮೇಲೆ ಇನ್ನೆರಡು.

"ಸಾಕು ಮಾರಾಯ್ತಿ, ಪಾದದಷ್ಟು ನೀರಿಗೆ ಎಷ್ಟು ಕ್ರೇಟು?" ಅಂದ ಅಣ್ಣಪ್ಪ.

"ಇನ್ನೊಂದಿರ್ಲಿ ಅಣ್ಣಪ್ಪಣ್ಣ. ಬೈಕ್ ಹೋದ್ರೆ ಸಿಡಿಯುತ್ತೆ."

"ಇನ್ನು ಇಟ್ರೆ ವಿಮಾನ ಹೋದ್ರೆ ತಾಗ್ತದೆ."

ಏಣಿ ಮೇಲಿದ್ದ ಇಸ್ಮಾಯಿಲ್‌ಗೆ ಕಂಡಿದ್ದು ಕಣ್ಣಿಗೆ ಬಡಿಯೋ ಬೆಳಕು ಮಾತ್ರ, ಅದರ ಹಿಂದೆ ಕ್ರೇಟಿನ ಗೋಪುರ ಎದ್ದಿದ್ದು ಕಾಣ್ಲಿಲ್ಲ. ಮಾರನೇ ಸಂಜೆ ಅದೇ ಎತ್ತರಕ್ಕೆ ಸರಿಯಾಗಿ ಬರ್ಲಿ ಅಂತ ಜೀವಿತಾ ಕರೆಂಟು ಕಂಬಕ್ಕೆ ದಾರ ಬೇರೆ ಕಟ್ಟಿದ್ಲು. ಮೂರು ಸಂಜೆ. ಪ್ರೊಜೆಕ್ಟರ್ ಮೇಲೆ ಒಂದು ಹನಿ ನೀರು ಬೀಳ್ಲಿಲ್ಲ. ಅವಳಿಗೆ ಹೆಮ್ಮೆಯೋ ಹೆಮ್ಮೆ, ಚಿಕ್ಕಮ್ಮಂಗೆ ಎರಡೆರಡು ಸಲ ಹೇಳಿದ್ಲು.

ಆಮೇಲೆ ಬಿದಿರು ಕಟ್ಟಿ, ಮಳೆಗೆ ನೀಲಿ ಟಾರ್ಪಾಲು ಹೊದಿಸಿ, ನಾಲ್ಕು ವಾರ ಬಣ್ಣ ತುಂಬಿದ್ದೇ ತುಂಬಿದ್ದು. ಟಾರ್ಪಾಲು ಮರೆ ಇದ್ದಿದ್ರಿಂದ ಓಣಿ ಬಾಯಿಂದ ಯಾರಿಗೂ ಏನೂ ಕಾಣ್ತಿರ್ಲಿಲ್ಲ. ಆದ್ರೆ ಓಣಿ ಮಾತ್ರ ಒಳಗೊಳಗೇ ಬದಲಾಗ್ತಾ ಹೋಯ್ತು. ಕಸ ಎತ್ತದೆ ನೆಲಕ್ಕೆ ಬಣ್ಣ ಹಾಕೋದು ಹೇಗೆ? ಹಮಾಲರು ಎರಡು ದಿನದಲ್ಲಿ ಎತ್ತಿ ಹಾಕಿದ್ರು. ನೆಲ ಕ್ಲೀನಾದ್ಮೇಲೆ ಆಯೇಷಾತ್ತ ಹೊರಗೆ ಬೆಂಚು ಹಾಕಿದ್ರು. ಬೆಂಚು ಬಂದ್ಮೇಲೆ ಪಕ್ಕದ ಬೀದಿ ಹೆಂಗಸರು ಪಳಂಪೊರಿ, ಅಂದ್ರೆ ಬಾಳೆಹಣ್ಣಿನ ಬಜ್ಜಿ, ತಿನ್ನೋಕೆ ಬಂದ್ರು, ಬಂದೋರು ಗೋಡೆ ಆಚೆಗಿದ್ದ ತಮ್ಮ ಮನೆಗಳ ಮುಚ್ಚಿದ ಕಿಟಕಿ ತೆಗೆದ್ರು. ಯಾರೋ ಒಂದು ಬಲ್ಬು ಹಾಕಿದ್ರು. ಬಾಳೆಹಣ್ಣು ಎಣ್ಣೇಲಿ ಬೇಯೋ ವಾಸನೆ ಓಣಿ ತುಂಬಾ.

ಡಾಕ್ಟರ್ ಬರ್ತೀನಿ ಅಂದಿದ್ದ ಶನಿವಾರ ಬೆಳಗ್ಗೆ ಬಿದಿರು ಬಿಚ್ಚಿದ್ರು. ಉಬ್ಬರದ ನೀರು ಆಗಷ್ಟೇ ಇಳಿದು ಕಲ್ಲುಹಾಸು ಮಿರಿಮಿರಿ ಅಂತಿತ್ತು. ಡಾಕ್ಟರ್ ಬೆಳಗಿನ ರೈಲಲ್ಲಿ ಹೊರಟಾಗಿತ್ತು. ಇಸ್ಮಾಯಿಲ್ ಓಣಿ ಬಾಯಿಗೆ ಬಂದು, ಗುರುತು ಮಾಡಿದ ಜಾಗದಲ್ಲಿ ನಿಂತು, ಕಣ್ಣು ತೆಗೆದ.

ಏನೂ ಇಲ್ಲ.

ಹೆಬ್ಬೆರಳು ಗೋಡೆ ಮಧ್ಯ ಮುರಿದು ನೇತಾಡ್ತಿತ್ತು. ಬೆರಳುಗಳ ತಲೆ ಒಂದು ಕಡೆ, ಬುಡ ಇನ್ನೊಂದು ಕಡೆ. ಲಾರಿ ಹರಿದ ಕೈ ಥರ ಇತ್ತು.

"ಎಂತ ಆಯ್ತು ಇದು," ಅಂದ ಇಸ್ಮಾಯಿಲ್. ಎಡಕ್ಕೆ ಹೋದ, ಬಲಕ್ಕೆ ಹೋದ, ಹಿಂದೆ ಹೋದ.

ಜೀವಿತಾಗೆ ಅಳು ಬಂತು. ಅವಳಿಗೆ ಅಳು ಬಂದ್ರೆ ಒಂದ್ಕಡೆ ನಿಲ್ಲಕ್ಕಾಗಲ್ಲ, ಕಾಲು ಬಡೀತಾಳೆ, ಕುಣೀತಾಳೆ. ಹಂಗೇ ಒಂದ್ಸಲ ಎಗರಿದ್ಲು. ಎಗರಿದ ಆ ಒಂದು ಕ್ಷಣದಲ್ಲಿ ಬೆರಳುಗಳು ಒಂದಕ್ಕೊಂದು ಹತ್ರ ಬಂದ ಹಾಗಾಯ್ತು. ಮತ್ತೆ ಎಗರಿದ್ಲು. ಹೌದು! ಮೇಲೆ ಹೋದಷ್ಟೂ ಕೂಡ್ಕೋತಾ ಇದೆ! ಮತ್ತೆ, ಮತ್ತೆ. ಹಮಾಲರೆಲ್ಲ ಚಾಯ ಬಿಟ್ಟು ಈ ಹುಡುಗಿಗೆ ಏನಾಯ್ತು ಅಂತ ನೋಡ್ತಾ ನಿಂತ್ರು.

ಅಷ್ಟ್ರಲ್ಲಿ ಅವಳಿಗೆ ಕಂಬದ ಮೇಲಿನ ದಾರ ಕಾಣ್ಸಿತು. ಅವಳ ತಲೆಗಿಂತ ಎರಡಡಿ ಮೇಲೆ.

"ಇಕ್ಕಾ," ಅಂದ್ಲು. "ನೀರು ಬಂತಲ್ಲ ಆವತ್ತು... ನಾನು ಪ್ರೊಜೆಕ್ಟರ್‌ನ ಸ್ವಲ್ಪ ಮೇಲಿಟ್ಟೆ."

"ಸ್ವಲ್ಪ ಅಂದ್ರೆ?"

"ಮೇಜು. ಮತ್ತೆ ನಾಲ್ಕು ಕ್ರೇಟು."

ಇಸ್ಮಾಯಿಲ್ ಬೈಯ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ದಾರ ನೋಡಿದ, ಗೋಡೆ ನೋಡಿದ. "ಏಳಡಿ," ಅಂದ. "ಏಳಡಿ ಮನುಷ್ಯರು ಯಾರಿದಾರೆ ಈ ಕೊಚ್ಚಿಯಲ್ಲಿ?"

ಜೀವಿತಾ ಏಣಿಗೆ ಕೈ ಹಾಕೋ ಹೊತ್ತಿಗೆ ಓಣಿ ಬಾಯಲ್ಲಿ ಟ್ಯಾಕ್ಸಿ ನಿಂತಿತು. ಡಾಕ್ಟರ್ ಮೋಹಿನಿ ಇಳಿದ್ರು. ಕಾಟನ್ ಸೀರೆ, ಕೈಲಿ ಕೊಡೆ, ಎರಡೂ ಮಂಡಿ ಆಪರೇಷನ್ ಆದೋರ ಹುಷಾರು ನಡಿಗೆ. ಗುರುತಿನ ಜಾಗಕ್ಕೆ ಬಂದು ನಿಂತು, ಪೂರ್ತಿ ಒಂದು ನಿಮಿಷ ನೋಡಿದ್ರು.

"ಮೋಳೇ, ಇದು ಏನು?"

"ಆಂಟಿ, ಅದು ಮೇಲಿಂದ ನೋಡ್ಬೇಕು. ನನ್ನ ತಪ್ಪು. ಇಕ್ಕಂದು ಏನೂ ತಪ್ಪಿಲ್ಲ. ಈ ಏಣಿ ಎರಡು ಮೆಟ್ಲು ಹತ್ತಿದ್ರೆ..."

"ಏಣಿ ನಾನು ಹತ್ತಲ್ಲ. ನನ್ನ ಪೇಷೆಂಟುಗಳಲ್ಲಿ ಅರ್ಧ ಜನ ಏಣಿ ಹತ್ತಿದೋರು." ಡಾಕ್ಟರ್ ಕೊಡೆ ಮಡಚಿದ್ರು. ಅವರ ಪರ್ಸಲ್ಲಿ ಫೋನು ಬಡ್ಕೊಳ್ತು. ಹೋಟೆಲಿನವರು. "ಹತ್ತು ನಿಮಿಷ ಬಿಟ್ಟು ಮಾಡ್ತೀನಿ," ಅಂತ ಹೇಳಿ ಇಟ್ರು. "ಒಂದ್ಸಲ ನೋಡ್ತೀನಿ ಅಂದಿದ್ದೆ. ನೋಡಾಯ್ತಲ್ಲ."

ತಿರುಗಿದ್ರು. ಜೀವಿತಾ ಏಣಿ ಬಿಟ್ಟು ಅವರ ಹಿಂದೆ ಓಡಿದ್ಲು.

"ಡಾಕ್ಟರೇ," ಅಂದ ಅಣ್ಣಪ್ಪ. ಅವನ ಮಲಯಾಳಂ ಚೆನ್ನಾಗಿತ್ತು, ಅದರೊಳಗೂ ಕುಂದಾಪುರ ಇಣುಕ್ತಿತ್ತು. "ಎಷ್ಟು ಎತ್ತರ ಹೋಗ್ಬೇಕಂತೆ?"

"ಏಳಡಿ," ಅಂದ ಇಸ್ಮಾಯಿಲ್.

ಅಣ್ಣಪ್ಪ ತನ್ನ ಹೆಗಲು ಮುಟ್ಟಿ ನೋಡ್ಕೊಂಡ, ಮೇಲೆ ಒಂದೂವರೆ ಮೊಳ ಅಳೆದ. "ಕುರ್ಚಿ ತನ್ನಿ. ಮರದ್ದು. ಪ್ಲಾಸ್ಟಿಕ್ ಬೇಡ, ಬಗ್ತದೆ."

"ಏನು ಮಾಡ್ತೀರಿ ನೀವು?" ಅಂದ್ರು ಡಾಕ್ಟರ್.

"ಎತ್ತುದು. ಈ ಓಣಿಯಲ್ಲಿ ಎತ್ತುದು ನಮ್ಮ ಕೆಲಸ."

"ಬಿದ್ರೆ?"

"ನಲ್ವತ್ತು ವರ್ಷದಲ್ಲಿ ಒಂದು ಮೂಟೆ ಬೀಳಿಸ್ಲಿಲ್ಲ."

"ನಾನು ಮೂಟೆನಾ?"

"ಅಲ್ಲ ಡಾಕ್ಟರೇ. ಮೂಟೆ ಇಷ್ಟು ಮಾತಾಡೂದಿಲ್ಲ."

ಡಾಕ್ಟರ್ ಮುಖದಲ್ಲಿ ಎಲ್ಲೋ ಒಂದು ಮೂಲೇಲಿ ನಗು ಬಂತು. ಕೊಡೆನ ಜೀವಿತಾ ಕೈಗೆ ಕೊಟ್ಟು, ಆಯೇಷಾತ್ತನ ಅಂಗಡಿ ಕುರ್ಚಿ ಮೇಲೆ ಕೂತ್ಕೊಂಡ್ರು. ನಾಲ್ಕು ಜನ ನಾಲ್ಕು ಕಾಲು ಹಿಡಿದ್ರು. "ಹೋ!" ಅಂದ ಅಣ್ಣಪ್ಪ. ಕುರ್ಚಿ ಸೊಂಟಕ್ಕೆ ಬಂತು. "ಹೋ!" ಹೆಗಲಿಗೆ ಬಂತು. ಒಂದು ಚೂರೂ ಅಲುಗ್ಲಿಲ್ಲ, ನೀರು ತುಂಬಿದ ಲೋಟ ಇಟ್ಟಿದ್ರೂ ತುಳುಕ್ತಿರ್ಲಿಲ್ಲ.

ಡಾಕ್ಟರ್ ಕನ್ನಡಕ ಸರಿಮಾಡ್ಕೊಂಡು ಮುಂದೆ ನೋಡಿದ್ರು. ಅವರ ಬಾಯಿ ಮೆಲ್ಲಗೆ ತೆರೆದುಕೊಳ್ತು.

ಕೆಳಗೆ ನಿಂತಿದ್ದ ಜೀವಿತಾಗೆ ಚಿತ್ರ ಕಾಣ್ತಿರ್ಲಿಲ್ಲ. ಅವಳು ನೋಡಿದ್ದು ಡಾಕ್ಟರ್ ಮುಖಾನ. ಆ ಮುಖದಲ್ಲಿ ಕೈ ಕೂಡ್ಕೊಂಡಿದ್ದು ಗೊತ್ತಾಯ್ತು. ಬಸ್ಸಲ್ಲಿ ಬೆಳ್ಳಕ್ಕಿ ನೋಡಿದಾಗ ತನ್ನ ಮುಖಾನೂ ಹಿಂಗೇ ಇತ್ತೇನೋ ಅನ್ಸಿತು.

"ದೇವರೇ," ಅಂದ್ರು ಡಾಕ್ಟರ್. ಅಂಗೈ ಕಡೆ ಬೆರಳು ತೋರಿಸಿದ್ರು. "ಒದ್ದೆ ಇದೆ. ಬೆವರಿದೆ ಅದು." ಕಲ್ಲುಹಾಸಿನ ಮೇಲೆ ಉಳಿದಿದ್ದ ನೀರಿಗೆ ಬಿಸಿಲು ಬಿದ್ದಿತ್ತು. "ನೀವೆಲ್ಲ ಅದರೊಳಗೆ ನಿಂತಿದೀರಿ... ಆ ಬೆಂಚು, ಚಾಯ ಅಂಗಡಿ... ಎಲ್ಲಾ ಕೈಯೊಳಗಿದೆ."

ಕುರ್ಚಿ ಹೊತ್ತ ನಾಲ್ಕು ಜನ ಹಿಡಿತ ಒಂದ್ಸಲ ಬಿಗಿ ಮಾಡ್ಕೊಂಡ್ರು.

ಡಾಕ್ಟರ್ ದನಿ ಇದ್ದಕ್ಕಿದ್ದಂಗೆ ಆಸ್ಪತ್ರೆ ದನಿ ಆಯ್ತು. "ಉಂಗುರದ ಬೆರಳು ಮುರಿದಿದೆ. ಸರಿಯಾಗಿ ಕೂಡಿಲ್ಲ. ಬಿಡಿಸಿದೋರ ತಪ್ಪಲ್ಲ ಇದು, ನಿಜವಾದ ಕೈ ನೋಡೇ ಬಿಡಿಸಿದಾರೆ. ಯಾರ ಕೈ?"

"ನಂದು," ಅಂದ ಅಣ್ಣಪ್ಪ, ಕುರ್ಚಿ ಕೆಳಗಿಂದ.

"ಯಾರು ಕಟ್ಟಿದ್ದು ಇದನ್ನ?"

"ಯಾರೂ ಕಟ್ಲಿಲ್ಲ. ಬಟ್ಟೆ ಸುತ್ತಿ ಮತ್ತೆ ಎತ್ತಿದ್ದು. ಆ ಗೇಟಿನ ಒಳಗೆ ಆದದ್ದು, ನಿಮ್ಮ ಅಪ್ಪನ ಕಾಲದಲ್ಲಿ. ಆವತ್ತು ಮೂರು ಲಾರಿ ಮೆಣಸು ನಿಂತಿತ್ತು."

"ಇಳಿಸಿ," ಅಂದ್ರು ಡಾಕ್ಟರ್.

ಇಳಿದವರು ನೆಟ್ಟಗೆ ಅಣ್ಣಪ್ಪನ ಕೈ ಹಿಡಿದು, ಆ ಬೆರಳನ್ನ ಮಡಚಿ, ಬಿಡಿಸಿ, ಗಿಣ್ಣು ಒತ್ತಿ ನೋಡಿದ್ರು. "ನೋಯುತ್ತಾ?" "ಮಳೆಗಾಲದಲ್ಲಿ." ಅಷ್ಟೇ ಮಾತು. ಗೋಡೆ ಇರುತ್ತೋ ಹೋಗುತ್ತೋ ಒಂದೂ ಹೇಳ್ಲಿಲ್ಲ. ಕೈ ಬಿಟ್ಟು, ಚಿತ್ರದ ಕಡೆ ನಡ್ಕೊಂಡು ಹೋಗಿ, ಓಣಿ ಮಧ್ಯ ಬೆನ್ನು ಹಾಕಿ ನಿಂತ್ಕೊಂಡ್ರು. ಅಲ್ಲಿಂದ ಅವರಿಗೆ ಬರೀ ಕಂದು ಬಣ್ಣದ ಕಲ್ಲು ಕಂಡಿರುತ್ತೆ.

ಆಯೇಷಾತ್ತ ಸೆರಗಿಗೆ ಕೈ ಒರೆಸ್ಕೊಂಡು ಕುರ್ಚೀಲಿ ಕೂತಾಗಿತ್ತು. "ನಂದು, ನಂದು, ಮುಂದಿನ ಸರದಿ ನಂದು!" ಎತ್ತಿದ್ರು. "ಯಾ ಅಲ್ಲಾಹ್" ಅಂತ ಮೇಲಿಂದ ಕೂಗಿದ್ರು ನೋಡಿ, ಎಣ್ಣೇಲಿ ಬಿಟ್ಟಿದ್ದ ಪಳಂಪೊರಿ ಸೀದುಹೋಯ್ತು. ಆಮೇಲೆ ಕಿಟಕಿ ಹೆಂಗಸರು. ದಾರೀಲಿ ಹೋಗ್ತಿದ್ದ ಇಬ್ಬರು ಟೂರಿಸ್ಟುಗಳು. ಆಮೇಲೆ ಜೀವಿತಾ. ಅವಳು ಮೇಲೆ ಹೋಗಿ ಕಣ್ಣು ತೆಗೆದು, "ಅಮ್ಮಾ" ಅಂತ ಮಾತ್ರ ಅಂದ್ಲು. ನಾಲ್ಕು ವಾರ ಅವಳೂ ಬಣ್ಣ ಹಚ್ಚಿದ ಗೋಡೆ. ಆ ಗೆರೆ ಒಂದೊಂದೂ ಅವಳಿಗೆ ಗೊತ್ತು. ಆದ್ರೂ ಇದು ಅವಳು ಮಾಡಿದ್ದಲ್ಲ, ಮೊದಲಿಂದ ಅಲ್ಲೇ ಇತ್ತು, ಇವರು ಕಸ ಎತ್ತಿದ್ಮೇಲೆ ಮಲಗಿದ್ದ ಕೈ ಬಿಚ್ಕೊಂಡಿದೆ ಅನ್ನೋ ಥರ ಇತ್ತು. ಇಳಿಸಿದಾಗ ಕಾಲು ನೆಲದ ಮೇಲೆ ಇಡಕ್ಕೇ ಒಂಥರಾ ಆಯ್ತು.

ಸಾಲು ಓಣಿ ಬಾಯಿ ದಾಟಿತ್ತು. ಆಗ ಇಸ್ಮಾಯಿಲ್ ಕೇಳಿದ, "ಅಣ್ಣಪ್ಪಣ್ಣ, ನೀವು?"

"ಎಂತ ನಾನು? ನನ್ನನ್ನು ಎತ್ತುವವರು ಯಾರು?"

ಹಮಾಲರೆಲ್ಲ ಒಬ್ಬರ ಮುಖ ಒಬ್ಬರು ನೋಡಿದ್ರು. ಆಮೇಲೆ ಶುರುವಾಯ್ತು ಗಲಾಟೆ. "ಕೂತ್ಕೋ!" "ಬೇಡ ಮಾರಾಯ್ರೆ." "ಕೂತ್ಕೋ ಅಂದ್ರೆ!" ಮೂರು ಹಮಾಲರು, ನಾಲ್ಕನೇ ಕಾಲು ತನಗೇ ಬೇಕು ಅಂತ ಇಸ್ಮಾಯಿಲ್. ಜೀವಿತಾನೂ ಕೈ ಕೊಟ್ಲು, ಅದರಿಂದ ಏನೂ ಪ್ರಯೋಜನ ಇರ್ಲಿಲ್ಲ. "ಹೋ!" ಕುರ್ಚಿ ಮೇಲೆ ಹೋಯ್ತು, ವಾಲಿತು, ನಿಂತಿತು. ಕ್ವಿಂಟಾಲುಗಟ್ಟಲೆ ಹೊತ್ತ ಗಂಡಸು ಕುರ್ಚಿ ಕೈನ ಎರಡೂ ಕಡೆ ಬಿಗಿಯಾಗಿ ಹಿಡ್ಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿದ್ದ.

"ಇಳಿಸಿ, ತಲೆ ತಿರುಗ್ತದೆ!"

"ಕಣ್ಣು ಬಿಡಿ ಅಣ್ಣಪ್ಪಣ್ಣ!"

ಬಿಟ್ಟ. ಒಂದು ಕಣ್ಣು ಮೊದಲು. ಆಮೇಲೆ ಇನ್ನೊಂದು.

ಎಡಗೈನ ಕುರ್ಚಿಯಿಂದ ಬಿಡಿಸಿ ಮುಖದ ಮುಂದೆ ಹಿಡ್ಕೊಂಡ. ಅದನ್ನ ನೋಡಿದ, ಓಣಿ ನೋಡಿದ. ಮತ್ತೆ ಇದನ್ನ, ಮತ್ತೆ ಅದನ್ನ.

"ಡಾಕ್ಟರೇ," ಅಂದ ಕೊನೆಗೆ, "ಸ್ವಲ್ಪ ಆಚೆ ನಿಲ್ಲಿ. ನನ್ನ ಮುರಿದ ಬೆರಳಿನ ಮೇಲೆಯೇ ನಿಂತಿದೀರಿ."

ಡಾಕ್ಟರ್ ಬೆಚ್ಚಿಬಿದ್ದು ಕೆಳಗೆ ನೋಡಿದ್ರು. ಅವರ ಕಾಲ ಕೆಳಗೆ ಒದ್ದೆ ಕಲ್ಲು, ಕಂದು ಬಣ್ಣದ ಒಂದು ಪಟ್ಟಿ, ಅಷ್ಟೇ. ಆದ್ರೂ ಎರಡು ಹೆಜ್ಜೆ ಪಕ್ಕಕ್ಕೆ ಸರಿದ್ರು, ಮಲಗಿರೋ ಪೇಷೆಂಟು ಪಕ್ಕದಿಂದ ಸರಿಯೋ ಹಾಗೆ, ಮೆತ್ತಗೆ. ಪರ್ಸಲ್ಲಿ ಫೋನು ಮತ್ತೆ ಬಡ್ಕೊಳ್ತಿತ್ತು. ತೆಗೆದು ಕಿವಿಗಿಟ್ಕೊಂಡ್ರು.

"ಇಲ್ಲ," ಅಂದ್ರು. "ಸೋಮವಾರ ಬರಲ್ಲ. ಯಾವ ವಾರಾನೂ ಬರಲ್ಲ." ಆ ಕಡೆಯವರು ಏನೋ ಕೇಳಿದ್ರು. ಡಾಕ್ಟರ್ ಸಾಲು ನೋಡಿದ್ರು, ಕುರ್ಚಿ ಮೇಲೆ ಕೂತಿದ್ದೋನ್ನ ನೋಡಿದ್ರು. "ಕಾರ್ ನಿಲ್ಸಕ್ಕೆ ಜಾಗ ಎಲ್ಲಿದೆ ಇಲ್ಲಿ? ಜನ ತುಂಬ್ಕೊಂಡಿದಾರೆ."

ಜೀವಿತಾ ಕಿರುಚಿದ ರಭಸಕ್ಕೆ ಕುರ್ಚಿ ಒಂದ್ಸಲ ವಾಲಿತು.

"ಅಣ್ಣಪ್ಪಾ, ಇಳೀತೀಯಾ? ನಮ್ಮ ಹೆಗಲು ಹೋಯ್ತು!" ಅಂದ್ರು ಕೆಳಗಿದ್ದೋರು.

"ಸುಮ್ನೆ ನಿಲ್ಲಿ ಮಾರಾಯ್ರೆ," ಅಂದ ಅವನು. "ಇನ್ನೂ ಹೆಬ್ಬೆರಳು ನೋಡಿ ಆಗ್ಲಿಲ್ಲ."